ಬೆಕ್ಕು ಬೊಜ್ಜು ಬೆಳೆಸಿದಾಗ

ನಮ್ಮ ಹಿರಿಯರು ಬೆಕ್ಕನ್ನು ಸಾಕಿದುದು ಮುದ್ದಿಗಾಗಿ ಅಲ್ಲ, ಕಣಜದ ಕಾವಲಿಗಾಗಿ. ಭತ್ತದ ಮೂಟೆಯನ್ನೂ ರಾಗಿಯ ವಾಡೆಯನ್ನೂ ಇಲಿಯ ಹಲ್ಲಿನಿಂದ ಉಳಿಸುವುದು ಅದರ ಉದ್ಯೋಗ. ಬೆಳಗ್ಗೆ ಹಾಲು ಕರೆದಾದ ಮೇಲೆ ತೆಂಗಿನ ಕರಟದಲ್ಲಿ ಹೊಯ್ಯುತ್ತಿದ್ದ ನಾಲ್ಕು ಹನಿ ಹಾಲು ಅದರ ಸಂಬಳ. ಉಳಿದ ಊಟವನ್ನು ಅದು ತಾನೇ ದುಡಿದು ತಿನ್ನಬೇಕಾಗಿತ್ತು. ಅಮರಕೋಶದಲ್ಲಿ ಬೆಕ್ಕಿಗೆ ಹೇಳಿರುವ ಹೆಸರುಗಳಲ್ಲಿ 'ಆಖುಭುಕ್' ಎಂಬುದೊಂದು. ಆಖು ಎಂದರೆ ಇಲಿ, ಅದನ್ನು ತಿನ್ನುವುದು ಆಖುಭುಕ್. 'ಮಾರ್ಜಾರ' ಎಂಬುದು ಇನ್ನೊಂದು. ಒರಸು, ಶುಚಿಮಾಡು ಎಂಬ ಅರ್ಥದ 'ಮೃಜ್' ಧಾತುವಿನಿಂದ ಬಂದ ಶಬ್ದವಿದು. ಸದಾ ಮೈ ನೆಕ್ಕಿಕೊಂಡು ತನ್ನನ್ನು ತಾನು ತೊಳೆದುಕೊಳ್ಳುವ ಪ್ರಾಣಿ ಎಂದು ತಾತ್ಪರ್ಯ. ಈ ಎರಡು ಹೆಸರುಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಬೆಕ್ಕು ಏನನ್ನು ತಿನ್ನಲು ಹುಟ್ಟಿದುದು ಎಂಬುದು ಮೊದಲನೆಯದರಲ್ಲಿದೆ. ಅದರ ಆರೋಗ್ಯಕ್ಕೆ ಗುರುತು ಯಾವುದು ಎಂಬುದು ಎರಡನೆಯದರಲ್ಲಿದೆ.

ಈಗ ಕಾಲ ಬೇರೆಯಾಗಿದೆ. ಪಟ್ಟಣದ ಮೂರನೆಯ ಅಂತಸ್ತಿನ ಮನೆಯಲ್ಲಿ ಇಲಿಯೆಲ್ಲಿ, ಅಟ್ಟವೆಲ್ಲಿ? ಉದ್ಯೋಗ ಹೋಯಿತು, ಸಂಬಳ ಮಾತ್ರ ಹತ್ತರಷ್ಟಾಯಿತು. ಬಟ್ಟಲು ಬರಿದಾಗುವ ಮೊದಲೇ ತುಂಬುತ್ತದೆ. ಬೆಕ್ಕು ಸೋಫಾದ ಮೇಲಿಂದ ಕಿಟಕಿಗೆ, ಕಿಟಕಿಯಿಂದ ಬಟ್ಟಲಿಗೆ, ಬಟ್ಟಲಿನಿಂದ ಮತ್ತೆ ಸೋಫಾಕ್ಕೆ ಪ್ರದಕ್ಷಿಣೆ ಹಾಕುತ್ತಾ ದಿನ ಕಳೆಯುತ್ತದೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅದು ದಿಂಬಿನ ಆಕಾರಕ್ಕೆ ಬಂದಿರುತ್ತದೆ. ಬಂದವರು ನೋಡಿ ನಗುತ್ತಾರೆ, ಮನೆಯವರೂ ನಗುತ್ತಾರೆ. ಆದರೆ ಅದು ನಗುವ ವಿಷಯವಲ್ಲ. ಅದಕ್ಕಿಂತ ಹೆಚ್ಚಾಗಿ, ನಗು ಮುಗಿದು ಚಿಂತೆ ಹತ್ತಿದ ದಿನ ಯಾರಾದರೊಬ್ಬರು ಕೊಡುವ ಸಲಹೆಯೊಂದುಂಟು: "ಎರಡು ದಿನ ಉಪವಾಸ ಕೆಡವಿ, ತಾನೇ ಇಳಿಯುತ್ತದೆ." ಈ ಲೇಖನವನ್ನು ಬರೆಯಲು ಕಾರಣ ಆ ಸಲಹೆಯೇ. ಬೊಜ್ಜು ಬೆಕ್ಕನ್ನು ಕೊಲ್ಲುವುದು ನಿಧಾನವಾಗಿ. ಉಪವಾಸ ಅದನ್ನು ವಾರದೊಳಗೆ ಕೊಲ್ಲಬಲ್ಲದು.

ನಾನು ಪಶುವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ವೈದ್ಯರು ತಮ್ಮ ಭಾಷೆಯಲ್ಲಿ ಹೇಳುವುದನ್ನು ಮನೆಮಂದಿಯ ಭಾಷೆಯಲ್ಲಿ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಮೊದಲನೆಯ ಪ್ರಶ್ನೆ: ಬೆಕ್ಕು ನಿಜವಾಗಿ ದಪ್ಪವಾಗಿದೆಯೇ ಎಂದು ತಿಳಿಯುವುದು ಹೇಗೆ? ಕಣ್ಣನ್ನು ಮಾತ್ರ ನಂಬಬಾರದು; ತುಪ್ಪಳ ಬಹಳ ಮೋಸ ಮಾಡುತ್ತದೆ. ಕೈಯಿಂದ ಮುಟ್ಟಿ ನೋಡಬೇಕು. ಅದಕ್ಕೆ ಅಳತೆಗೋಲು ನಿಮ್ಮ ಕೈಯಲ್ಲೇ ಇದೆ. ಮುಷ್ಟಿ ಕಟ್ಟಿ, ಇನ್ನೊಂದು ಕೈಯ ಬೆರಳುಗಳನ್ನು ಗೆಣ್ಣುಗಳ ಮೇಲೆ ಆಡಿಸಿ. ಬೆಕ್ಕಿನ ಪಕ್ಕೆಲುಬು ಹಾಗೆ ಎದ್ದು ಸಿಕ್ಕಿದರೆ ಅದು ಬಡಕಲು. ಮುಷ್ಟಿ ಬಿಚ್ಚಿ ಅಂಗೈಯ ಹಿಂಬದಿಯನ್ನು ಸವರಿ. ತೆಳ್ಳನೆಯ ಹೊದಿಕೆಯ ಕೆಳಗೆ ಎಲುಬು ತಿಳಿಯುತ್ತದಲ್ಲವೆ, ಪಕ್ಕೆಯೂ ಹಾಗಿದ್ದರೆ ಸರಿಯಾದ ಮೈಕಟ್ಟು. ಅಂಗೈಯ ಒಳಬದಿಯನ್ನು ಸವರಿದಂತೆ ಮೆತ್ತಗೆ ಇದ್ದು, ಒತ್ತಿದರೂ ಎಲುಬು ಸಿಕ್ಕದಿದ್ದರೆ ಬೊಜ್ಜು ಬಂದಿದೆ ಎಂದು ತಿಳಿಯಿರಿ. ಬಳಿಕ ನಿಂತ ಬೆಕ್ಕನ್ನು ಮೇಲಿನಿಂದ ನೋಡಿ. ಪಕ್ಕೆಲುಬು ಮುಗಿದ ಕಡೆ ಸ್ವಲ್ಪ ನಡು ಕಾಣಬೇಕು. ನಡುವೇ ಇಲ್ಲದೆ ಎರಡು ಕಡೆಗೂ ಉಬ್ಬಿದ್ದರೆ ಅದು ಸ್ಥೂಲತೆಯ ಗುರುತು. ಪಶುವೈದ್ಯರು ಇದನ್ನೇ ಒಂಬತ್ತು ದರ್ಜೆಗಳಾಗಿ ವಿಂಗಡಿಸಿದ್ದಾರೆ. ೧೯೯೭ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಒಂದು ಎಂದರೆ ಎಲುಬಿನ ಗೂಡು, ಐದು ಎಂದರೆ ಸಮ, ಒಂಬತ್ತು ಎಂದರೆ ಅತಿಸ್ಥೂಲ. ಐದರಿಂದ ಮೇಲಕ್ಕೆ ಒಂದೊಂದು ದರ್ಜೆಗೂ ಇರಬೇಕಾದ ತೂಕಕ್ಕಿಂತ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಹೆಚ್ಚೆಂದು ಸ್ಥೂಲವಾದ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ. ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಗೆ, ಸಡಿಲವಾದ ಚರ್ಮದ ಜೋಲೊಂದು ಅನೇಕ ಬೆಕ್ಕುಗಳಿಗೆ ಹುಟ್ಟುಗುಣವಾಗಿ ಇರುತ್ತದೆ. ನಡೆಯುವಾಗ ಅದು ಚೀಲದಂತೆ ತೂಗುತ್ತದೆ. ಅದೊಂದನ್ನೇ ನೋಡಿ ಬೆಕ್ಕಿಗೆ ಬೊಜ್ಜಿನ ಅಪವಾದ ಹೊರಿಸಬಾರದು. ನಮ್ಮ ಸಾಮಾನ್ಯ ಜಾತಿಯ ಬೆಳೆದ ಬೆಕ್ಕು ಮೂರೂವರೆಯಿಂದ ಐದು ಕಿಲೊಗ್ರಾಮಿನೊಳಗೆ ಇರುವುದು ರೂಢಿ. ಗಂಡು ಸ್ವಲ್ಪ ಹೆಚ್ಚು, ಹೆಣ್ಣು ಸ್ವಲ್ಪ ಕಡಿಮೆ.

ಮಾರ್ಜಾರ ಶಬ್ದವನ್ನು ಇಲ್ಲಿ ನೆನೆಯಬೇಕು. ಮೈ ದಪ್ಪವಾದ ಬೆಕ್ಕಿಗೆ ಕತ್ತು ಹೊರಳಿಸಿ ಬೆನ್ನಿನ ಹಿಂಭಾಗವನ್ನೂ ಬಾಲದ ಬುಡವನ್ನೂ ನೆಕ್ಕಿಕೊಳ್ಳಲಾಗುವುದಿಲ್ಲ. ಅಲ್ಲಿ ಕೂದಲು ಗಂಟುಕಟ್ಟುತ್ತದೆ, ಹೊಟ್ಟು ಏಳುತ್ತದೆ. ತನ್ನ ಹೆಸರಿಗೆ ಕಾರಣವಾದ ಕೆಲಸವನ್ನೇ ಬೆಕ್ಕು ಮಾಡಲಾರದೆ ಹೋದಾಗ ಮನೆಯವರು ಎಚ್ಚರಗೊಳ್ಳಬೇಕು. ಇದು ಹೊರಗೆ ಕಾಣುವ ಸಂಕಟ. ಒಳಗಿನದು ಇನ್ನೂ ದೊಡ್ಡದು. ಸ್ಥೂಲವಾದ ಬೆಕ್ಕಿಗೆ ಮಧುಮೇಹ ಬರುವ ಸಂಭವ ಸಮತೂಕದ ಬೆಕ್ಕಿಗಿಂತ ಹಲವು ಪಾಲು ಹೆಚ್ಚು. ಕೀಲುಗಳು ಸವೆಯುತ್ತವೆ, ನೆಗೆಯಬೇಕಾದ ಪ್ರಾಣಿ ಮೆಟ್ಟಿಲ ಮುಂದೆ ನಿಂತು ಯೋಚಿಸುತ್ತದೆ. ಮೂತ್ರಕೋಶದ ತೊಂದರೆಗಳು ಹೆಚ್ಚುತ್ತವೆ. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಅರಿವಳಿಕೆ ಕೊಡುವುದೂ ಅಪಾಯದ ಕೆಲಸವಾಗುತ್ತದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಹಿಮ್ಮಿ ಎಂಬ ಬೆಕ್ಕೊಂದಿತ್ತು. ಅದರ ತೂಕ ೨೧ ಕಿಲೊಗ್ರಾಮಿಗೂ ಮೀರಿತ್ತು. ಏಳೆಂಟು ವರ್ಷದ ಮಗುವಿನ ತೂಕ! ಅದನ್ನು ಒಂಟಿಚಕ್ರದ ತಳ್ಳುಗಾಡಿಯಲ್ಲಿ ಕೂರಿಸಿ ಸಾಗಿಸಬೇಕಾಗಿತ್ತು. ೧೯೮೬ರಲ್ಲಿ, ಹತ್ತನೆಯ ವಯಸ್ಸಿನಲ್ಲಿ ಅದು ಸತ್ತಿತು. ಆಮೇಲೆ ಗಿನ್ನೆಸ್ ದಾಖಲೆಯವರು ಅತಿ ಭಾರದ ಸಾಕುಪ್ರಾಣಿಯೆಂಬ ದಾಖಲೆಯನ್ನೇ ಕೈಬಿಟ್ಟರು; ಬಿರುದಿನ ಆಸೆಗೆ ಜನ ಮೂಕಪ್ರಾಣಿಗಳಿಗೆ ತುರುಕಿಯಾರೆಂಬ ಭಯದಿಂದ. ಇತ್ತೀಚೆಗೆ, ೨೦೨೪ರಲ್ಲಿ, ರಷ್ಯದ ಪೆರ್ಮ್ ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕ್ರೋಶಿಕ್ ಎಂಬ ಬೆಕ್ಕು ಪತ್ತೆಯಾಯಿತು. ತೂಕ ಸುಮಾರು ೧೭ ಕಿಲೊಗ್ರಾಮು. ಸರಿಯಾಗಿ ನಡೆಯಲೂ ಅದಕ್ಕೆ ಶಕ್ತಿಯಿರಲಿಲ್ಲ. ಅದಕ್ಕೆ ಬಿಸ್ಕತ್ತು, ಸೂಪು ತಿನ್ನಿಸಿ ತಿನ್ನಿಸಿ ಹಾಗೆ ಮಾಡಿದವರು ಕ್ರೂರಿಗಳಲ್ಲ, ಅದನ್ನು ಪ್ರೀತಿಸಿದವರು. ಪ್ರಾಣಿರಕ್ಷಕರು ಕರೆದೊಯ್ದು ಪಥ್ಯ ಹಿಡಿಸಿದರು, ತೂಕ ಇಳಿಯತೊಡಗಿತು. ಆದರೆ ಅದೇ ವರ್ಷದ ಶರತ್ಕಾಲದಲ್ಲಿ ಅದು ಸತ್ತಿತು. ಮೈಯೊಳಗೆ ಗಡ್ಡೆಗಳಿದ್ದುದು ಸತ್ತ ಮೇಲೆ ತಿಳಿಯಿತು.

ಹಾಗಾದರೆ ಬೆಕ್ಕು ದಪ್ಪವಾಗುವುದೇಕೆ? ಕಾರಣ ತಿಳಿಯಬೇಕಾದರೆ ಬೆಕ್ಕಿನ ಊಟದ ಲೆಕ್ಕ ಗೊತ್ತಿರಬೇಕು. ಒಂದು ಸಣ್ಣ ಇಲಿಯಲ್ಲಿ ಇರುವ ಸತ್ತ್ವ ಸುಮಾರು ೩೦ ಕ್ಯಾಲೊರಿ. ಮನೆಯೊಳಗೇ ಇರುವ ಸಾಮಾನ್ಯ ಬೆಕ್ಕಿಗೆ ದಿನಕ್ಕೆ ಬೇಕಾದುದು ೨೦೦ರ ಆಸುಪಾಸು. ಎಂದರೆ ಆರೇಳು ಇಲಿ. ಅದೂ ಹಗಲು ರಾತ್ರಿ ಹೊಂಚು ಹಾಕಿ, ಓಡಿ, ನೆಗೆದು ಸಂಪಾದಿಸಿದ ಆರೇಳು ಸಣ್ಣ ಊಟ. ಇದರ ಪಕ್ಕದಲ್ಲಿ ನಮ್ಮ ಉಪಚಾರವನ್ನು ಇಟ್ಟು ನೋಡಿ. ಎಮ್ಮೆಯ ಹಾಲು ನೂರು ಮಿಲಿಲೀಟರಿಗೆ ಸುಮಾರು ೧೦೦ ಕ್ಯಾಲೊರಿ. ಹಸುವಿನ ಹಾಲಾದರೆ ೬೫ರಷ್ಟು. ಒಂದು ಗ್ಲೂಕೋಸ್ ಬಿಸ್ಕತ್ತು ೨೦ಕ್ಕೆ ಕಡಿಮೆಯಿಲ್ಲ. ಅನ್ನದ ಮೇಲೆ ಬಿಟ್ಟ ಒಂದು ಚಮಚ ತುಪ್ಪ ೪೦ರಷ್ಟು. ಬೆಕ್ಕು ತಿಂದ ಒಂದು ಬಿಸ್ಕತ್ತು ನಾವು ತಿಂದ ಹತ್ತು ಬಿಸ್ಕತ್ತಿಗೆ ಸಮ. "ಒಂದೇ ಒಂದು ಚೂರು ಕೊಟ್ಟೆ" ಎನ್ನುವವರು ಈ ಹತ್ತನ್ನು ಮರೆಯುತ್ತಾರೆ.

ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನಮ್ಮ ಮನೆಯ ಬೆಕ್ಕು' ಎಂದು ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಬಹಳ ಚೆನ್ನಾಗಿ ಬರೆದಿದ್ದಳು. ಬೆಳಗ್ಗೆ ಅಜ್ಜಿ ಹಾಲು ಹಾಕುತ್ತಾರೆ, ತಿಂಡಿಯ ಹೊತ್ತಿಗೆ ಅಪ್ಪ ದೋಸೆಯ ಚೂರು ಕೊಡುತ್ತಾರೆ, ಮಧ್ಯಾಹ್ನ ಅಮ್ಮ ಮೊಸರನ್ನ ಕಲಸುತ್ತಾರೆ, ಸಂಜೆ ತಾನು ಬಿಸ್ಕತ್ತು ಕೊಡುತ್ತಾಳೆ, ರಾತ್ರಿ ಅಣ್ಣ ಅಂಗಡಿಯ ಕ್ಯಾಟ್ ಫುಡ್ ಸುರಿಯುತ್ತಾನೆ. ಕೊನೆಗೆ, "ಆದರೂ ಅದು ಯಾವಾಗಲೂ ಹಸಿದುಕೊಂಡೇ ಇರುತ್ತದೆ" ಎಂದು ಮುಗಿಸಿದ್ದಳು. ಐವರಲ್ಲಿ ಒಬ್ಬರಿಗೂ ಉಳಿದ ನಾಲ್ವರ ಲೆಕ್ಕ ಗೊತ್ತಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು ಎಂದು ಗಾದೆ. ಇಲ್ಲಿ ಕಣ್ಣು ಮುಚ್ಚಿಕೊಂಡಿರುವವರು ಹಾಲು ಹೊಯ್ಯುವವರು.

ಇನ್ನೊಂದು ಕಾರಣ ಸಂತಾನಹರಣದ ಶಸ್ತ್ರಚಿಕಿತ್ಸೆ. ಅದು ಆದ ಮೇಲೆ ಬೆಕ್ಕಿನ ಮೈಗೆ ಬೇಕಾಗುವ ಆಹಾರ ಸುಮಾರು ಕಾಲುಪಾಲು ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಹಾಗೆಂದು ಶಸ್ತ್ರಚಿಕಿತ್ಸೆ ಬೇಡವೆಂದು ಯಾರೂ ತಿಳಿಯಬಾರದು. ಬೀದಿಯಲ್ಲಿ ಹುಟ್ಟಿ ಸಾಯುವ ಮರಿಗಳ ಸಂಕಟವನ್ನು ಅದು ತಪ್ಪಿಸುತ್ತದೆ. ಆ ದಿನದಿಂದ ಬಟ್ಟಲಿನ ಅಳತೆಯನ್ನು ಬದಲಿಸಬೇಕು, ಅಷ್ಟೆ.

ಈಗ ಉಪವಾಸದ ಮಾತಿಗೆ ಬರೋಣ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರೂ ಕೇಳಿದ್ದೇ. ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಬೆಕ್ಕು ಹಾಲು ಕಂಡರೆ ಓಡತೊಡಗಿತು, ಮೈ ಕಡ್ಡಿಯಾಯಿತು, ರಾಜಸಭೆ ನಕ್ಕಿತು. ಕಥೆಯಲ್ಲಿ ಆ ಬೆಕ್ಕು ಬದುಕಿತು. ಮನೆಯ ದಪ್ಪ ಬೆಕ್ಕು ಹಾಗೆ ಊಟ ಬಿಟ್ಟರೆ ಬದುಕುವುದು ಕಷ್ಟ.

ಬೆಕ್ಕಿನ ಬಿಡಾರ ಬೇರೆ ಎಂಬ ಮಾತು ಅದರ ದೇಹಧರ್ಮಕ್ಕೂ ಸಲ್ಲುತ್ತದೆ. ನಾವು ಏಕಾದಶಿ ಮಾಡಬಹುದು. ನಾಯಿ ಎರಡು ದಿನ ಹಸಿದಿದ್ದು ತಡೆದುಕೊಳ್ಳಬಹುದು. ಬೆಕ್ಕಿನ ಕ್ರಮ ಹಾಗಲ್ಲ. ಆಹಾರ ನಿಂತೊಡನೆ ದೇಹವು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ಪಿತ್ತಜನಕಾಂಗಕ್ಕೆ ಕಳಿಸುತ್ತದೆ. ಅಲ್ಲಿ ಅದು ಪಾಕವಾಗಿ ಬಳಕೆಗೆ ಬರಬೇಕು. ಮದುವೆ ಮನೆಯ ಅಡಿಗೆಯವನೊಬ್ಬನ ಮುಂದೆ ಹತ್ತು ಗಾಡಿ ಸಾಮಾನು ಏಕಕಾಲಕ್ಕೆ ತಂದು ಇಳಿಸಿದರೆ ಏನಾದೀತು? ಅಡಿಗೆಯೂ ಆಗದು, ಅವನಿಗೆ ತಿರುಗಾಡಲು ಜಾಗವೂ ಉಳಿಯದು. ಬೆಕ್ಕಿನ ಪಿತ್ತಜನಕಾಂಗದ ಗತಿಯೂ ಇದೇ. ಬಂದು ಬಿದ್ದ ಕೊಬ್ಬನ್ನು ಸಾಗಿಸಲು ಬೇಕಾದ ಸಸಾರಜನಕ, ಎಂದರೆ ಪ್ರೋಟೀನು, ಊಟವಿಲ್ಲದ ಕಾರಣ ಒದಗುವುದಿಲ್ಲ. ಕೊಬ್ಬು ಅಲ್ಲಿಯೇ ತುಂಬಿಕೊಂಡು ಅಂಗವನ್ನು ಕೆಡಿಸುತ್ತದೆ. ಬೆಕ್ಕಿಗೆ ಓಕರಿಕೆ ಬಂದು ಹಸಿವು ಇನ್ನೂ ಸಾಯುತ್ತದೆ. ಹಸಿವು ಸತ್ತಷ್ಟೂ ಕೊಬ್ಬು ಹೆಚ್ಚು ಬಂದು ಸೇರುತ್ತದೆ. ಎರಡು ಮೂರು ದಿನ ಏನೂ ತಿನ್ನದೆ ಹೋದರೆ ಈ ವಿಷಚಕ್ರ ಮೊದಲಾಗಬಹುದು. ಜೊಲ್ಲು, ವಾಂತಿ, ಮಂಕು, ಕಿವಿಯ ಒಳಬದಿಯಲ್ಲೂ ಒಸಡಿನಲ್ಲೂ ಹಳದಿ ಛಾಯೆ, ಇವು ಅದರ ಲಕ್ಷಣಗಳು. ಆಗ ನಳಿಗೆಯ ಮೂಲಕ ವಾರಗಟ್ಟಲೆ ಆಹಾರ ಕೊಟ್ಟು ಉಳಿಸಿಕೊಳ್ಳಬೇಕಾಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸಾವು. ವಿಪರ್ಯಾಸವೆಂದರೆ, ಬೆಕ್ಕು ಎಷ್ಟು ದಪ್ಪವಾಗಿದೆಯೋ ಉಪವಾಸದ ಅಪಾಯ ಅಷ್ಟು ಹೆಚ್ಚು. "ಕೊಬ್ಬಿದೆಯಲ್ಲ, ಎರಡು ದಿನ ಅದರ ಮೇಲೆ ಬದುಕಲಿ" ಎಂಬ ತರ್ಕ ಬೆಕ್ಕಿನ ವಿಷಯದಲ್ಲಿ ತಲೆಕೆಳಗು.

ಆದುದರಿಂದ ಬೆಕ್ಕಿನ ತೂಕ ಇಳಿಸುವ ಕೆಲಸಕ್ಕೆ ಒಂದೇ ಸೂತ್ರ: ಊಟ ತಪ್ಪಕೂಡದು, ಅಳತೆ ಮೀರಕೂಡದು, ಆತುರ ಸಲ್ಲದು. ಇನ್ನು ಕ್ರಮವನ್ನು ಹೇಳುತ್ತೇನೆ.

ಮೊದಲು ಪಶುವೈದ್ಯರಿಗೆ ತೋರಿಸಿ. ಹೊಟ್ಟೆ ದಪ್ಪವಾದುದೆಲ್ಲ ಕೊಬ್ಬಲ್ಲ. ಒಳಗೆ ನೀರು ತುಂಬಿರಬಹುದು, ಗರ್ಭವಿರಬಹುದು, ರೋಗವಿರಬಹುದು. ಮರಿಗಳಿಗೂ, ಬಸುರಿ ಬೆಕ್ಕಿಗೂ, ಹಾಲೂಡಿಸುವ ತಾಯಿಗೂ ಪಥ್ಯ ಸಲ್ಲದು. ಮುದಿ ಬೆಕ್ಕಿನ ಆಹಾರವನ್ನು ವೈದ್ಯರ ಮಾತಿಲ್ಲದೆ ಕಡಿಮೆ ಮಾಡಬಾರದು. ಮಧುಮೇಹಕ್ಕೆ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಾದರೆ ಇನ್ನೂ ಎಚ್ಚರ ಬೇಕು. ಆಹಾರ ಬದಲಾದಂತೆ ಔಷಧದ ಪ್ರಮಾಣವೂ ಬದಲಾಗಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೆ ಬರುತ್ತದೆ. ಸರಿಯಾಗಿ ನಡೆಸಿದರೆ, ತೂಕ ಇಳಿದ ಮೇಲೆ ಇನ್ಸುಲಿನ್ನೇ ಬೇಡವಾಗುವ ಬೆಕ್ಕುಗಳೂ ಉಂಟು.

ಎರಡನೆಯದು, ತೂಕ. ಮಗುವನ್ನು ತೂಗುವ ಯಂತ್ರವಾಗಲಿ, ಅಂಗಡಿಯ ತಕ್ಕಡಿಯಾಗಲಿ ಉತ್ತಮ. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕವನ್ನು ಕಳೆಯಬೇಕು. ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಲ್ಲುವ ಕ್ರಮದಲ್ಲಿ ಸಣ್ಣ ವ್ಯತ್ಯಾಸಗಳು ತಿಳಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡಿ.

ಮೂರನೆಯದು, ಇಳಿಕೆಯ ವೇಗ. ವಾರಕ್ಕೆ ದೇಹದ ತೂಕದಲ್ಲಿ ನೂರಕ್ಕೆ ಒಂದು ಭಾಗ ಇಳಿದರೆ ಉತ್ತಮ. ಅರ್ಧ ಭಾಗ ಇಳಿದರೂ ಸಂತೋಷವೇ. ಎರಡು ಭಾಗಕ್ಕೆ ಮೀರಿ ಇಳಿಯಬಾರದು. ತರಗತಿಯ ಲೆಕ್ಕದಂತೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಕ್ಕಿನ ತೂಕ ೬ ಕಿಲೊಗ್ರಾಮು, ಇರಬೇಕಾದುದು ನಾಲ್ಕೂವರೆ. ನೂರಕ್ಕೆ ಒಂದೆಂದರೆ ವಾರಕ್ಕೆ ೬೦ ಗ್ರಾಮು. ತೂಕ ಇಳಿದಂತೆಲ್ಲ ಆ ೬೦ ಗ್ರಾಮೂ ಕಡಿಮೆಯಾಗುತ್ತಾ ಹೋಗುವುದರಿಂದ, ಒಂದೂವರೆ ಕಿಲೊಗ್ರಾಮು ಇಳಿಯಲು ಆರೇಳು ತಿಂಗಳು ಬೇಕು. ಯುಗಾದಿಗೆ ಪ್ರಾರಂಭಿಸಿದರೆ ದಸರೆಯ ಹೊತ್ತಿಗೆ ಮುಗಿದೀತು. ಒಂದು ತಿಂಗಳಲ್ಲಿ ಮುಗಿಸುತ್ತೇನೆನ್ನುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ನಾಲ್ಕನೆಯದು, ಊಟದ ಪ್ರಮಾಣ. ಇರಬೇಕಾದ ತೂಕ ನಾಲ್ಕೂವರೆ ಕಿಲೊಗ್ರಾಮಾದ ಬೆಕ್ಕಿಗೆ ಪಥ್ಯದ ಕಾಲದಲ್ಲಿ ದಿನಕ್ಕೆ ೧೭೦ರಿಂದ ೨೧೫ ಕ್ಯಾಲೊರಿಗಳ ನಡುವೆ ಪ್ರಾರಂಭಿಸುವುದು ವಾಡಿಕೆ. ೧೮೦ ಎಂದು ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಕ್ಯಾಟ್ ಫುಡ್ಡಿನಲ್ಲಿ ನೂರು ಗ್ರಾಮಿಗೆ ಸಾಮಾನ್ಯವಾಗಿ ೩೫೦ರಿಂದ ೪೦೦ ಕ್ಯಾಲೊರಿ ಇರುತ್ತದೆ. ಹಾಗಾದರೆ ಇಡೀ ದಿನಕ್ಕೆ ಐವತ್ತು ಗ್ರಾಮು, ಒಂದು ಹಿಡಿ! ಬಟ್ಟಲಿನಲ್ಲಿ ಅದು ಬಹಳ ಸ್ವಲ್ಪವಾಗಿ ಕಾಣುತ್ತದೆ. ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ. ಆದುದರಿಂದ ಲೋಟದಿಂದ ಅಳೆಯಬೇಡಿ. ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ಗ್ರಾಮಿನ ಲೆಕ್ಕದಲ್ಲಿ ತೂಗಿರಿ. ಆದರೆ ಮೊದಲ ದಿನವೇ ಈ ಅಂಕಿಗೆ ಇಳಿಸಬಾರದು. ಈಗ ಬೆಕ್ಕು ನಿಜವಾಗಿ ಎಷ್ಟು ತಿನ್ನುತ್ತಿದೆಯೆಂಬುದನ್ನು ಒಂದು ವಾರ ತೂಗಿ ಬರೆಯಿರಿ. ಬಳಿಕ ಅದರಲ್ಲಿ ಹತ್ತನೆಯ ಒಂದು ಪಾಲು ಕಡಿಮೆ ಮಾಡಿ ಎರಡು ವಾರ ನೋಡಿ. ತೂಕ ಅಲುಗದಿದ್ದರೆ ಇನ್ನೊಂದು ಪಾಲು.

ಐದನೆಯದು, ಊಟದ ಗುಣ. ಆಖುಭುಕ್ ಎಂಬ ಹೆಸರು ಇಲ್ಲಿ ಕೆಲಸಕ್ಕೆ ಬರುತ್ತದೆ. ಇಲಿಯಲ್ಲಿ ಇರುವುದು ಮಾಂಸ ಮತ್ತು ನೀರು. ಪಿಷ್ಟ ಇಲ್ಲವೇ ಇಲ್ಲವೆನ್ನಬೇಕು. ಬೆಕ್ಕಿನ ದೇಹ ಪ್ರೋಟೀನನ್ನೇ ಉರುವಲಾಗಿ ಸದಾ ಬಳಸುತ್ತದೆ. ಊಟದಲ್ಲಿ ಅದು ಸಾಲದೆ ಬಂದರೆ ಕೊಬ್ಬಿನ ಬದಲು ಮಾಂಸಖಂಡವೇ ಕರಗುತ್ತದೆ. ಟಾರಿನ್ ಎಂಬ ಸತ್ತ್ವವೊಂದು ಬೆಕ್ಕಿಗೆ ಅತ್ಯವಶ್ಯ. ಅದು ಮಾಂಸದಲ್ಲಿ ಮಾತ್ರ ಸಾಕಷ್ಟು ದೊರೆಯುತ್ತದೆ. ಟಾರಿನ್ನಿನ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುವುದೆಂದು ೧೯೮೭ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಪಶುವೈದ್ಯರು ತೋರಿಸಿಕೊಟ್ಟರು. ಹೀಗಿರುವಲ್ಲಿ ಮೊಸರನ್ನ, ಹಾಲನ್ನಗಳಿಂದ ಬೆಕ್ಕಿನ ಹೊಟ್ಟೆ ತುಂಬಬಹುದು, ಮೈ ಊದಬಹುದು, ಪೋಷಣೆ ಮಾತ್ರ ಆಗದು. ದಪ್ಪ ಬೆಕ್ಕೂ ಒಳಗೆ ಬಡವಾಗಿರುವುದು ಹೀಗೆ. ಶಾಕಾಹಾರಿಗಳ ಮನೆಗಳಲ್ಲಿ ಇದು ಸೂಕ್ಷ್ಮವಾದ ಪ್ರಶ್ನೆ. ನಮ್ಮ ವ್ರತ ನಮಗೆ. ಬೆಕ್ಕಿನ ಮೇಲೆ ಅದನ್ನು ಹೇರಿದರೆ ಅನ್ಯಾಯ. ಮನೆಯಲ್ಲಿ ಮಾಂಸ ಬೇಯಿಸಲಾಗದವರು ಬೆಕ್ಕಿಗಾಗಿಯೇ ತಯಾರಾದ, ಟಾರಿನ್ ಸೇರಿದ ಪೊಟ್ಟಣದ ಆಹಾರವನ್ನು ಕೊಡಬಹುದು. ನಾಯಿಗೆಂದು ಮಾಡಿದುದು ಬೆಕ್ಕಿಗೆ ಆಗದು. ಮನೆಯಲ್ಲೇ ಮೀನು, ಕೋಳಿ ಬೇಯಿಸುವವರು ಈರುಳ್ಳಿ ಬೆಳ್ಳುಳ್ಳಿಗಳನ್ನು ಸೋಕಿಸಬಾರದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತೂಕ ಇಳಿಸಲೆಂದೇ ಪ್ರೋಟೀನನ್ನು ಹೆಚ್ಚಿಸಿ ಕೊಬ್ಬನ್ನು ತಗ್ಗಿಸಿದ ಆಹಾರವೂ ದೊರೆಯುತ್ತದೆ. ವೈದ್ಯರನ್ನು ಕೇಳಿ ಅದನ್ನು ಆರಿಸುವುದು ಲೇಸು. ಸಾಮಾನ್ಯ ಆಹಾರವನ್ನೇ ಬಹಳವಾಗಿ ಕಡಿದರೆ ಪ್ರೋಟೀನು, ಜೀವಸತ್ವಗಳೂ ಅದರೊಡನೆ ಕಡಿದುಹೋಗುತ್ತವೆ. ಮುಕ್ಕಾಲು ಪಾಲು ನೀರೇ ಇರುವ ಹಸಿ ಆಹಾರವಾದರೆ ಕಡಿಮೆ ಕ್ಯಾಲೊರಿಯಲ್ಲಿ ಹೊಟ್ಟೆ ತುಂಬುತ್ತದೆ, ಮೂತ್ರಕೋಶಕ್ಕೂ ಹಿತ.

ಯಾವುದೇ ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹಳೆಯದರೊಡನೆ ಬೆರೆಸಿ ರೂಢಿಸಬೇಕು. "ಹಸಿವಾದರೆ ತಾನೇ ತಿನ್ನುತ್ತದೆ" ಎಂದು ಹಠ ಹಿಡಿಯಬೇಡಿ. ಬೆಕ್ಕಿನ ಹಠ ನಮ್ಮ ಹಠಕ್ಕಿಂತ ದೊಡ್ಡದು. ಹೊಸದನ್ನು ಮೂಸಿ ಬಿಟ್ಟರೆ ಆ ದಿನಕ್ಕೆ ಹಳೆಯದನ್ನೇ ಕೊಡಿ.

ಹಾಲಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಬೆಕ್ಕು ಮತ್ತು ಹಾಲು ನಮ್ಮ ಮನಸ್ಸಿನಲ್ಲಿ ಜೋಡಿಪದಗಳಾಗಿವೆ. ಆದರೆ ಮರಿತನ ಕಳೆದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ; ಭೇದಿಯಾಗುವುದೂ ಉಂಟು. ಪಥ್ಯದ ಬೆಕ್ಕಿಗೆ ಹಾಲು ಪಾನೀಯವಲ್ಲ, ಊಟದ ಲೆಕ್ಕಕ್ಕೆ ಸೇರಬೇಕಾದ ಆಹಾರ. ಕುಡಿಯಲು ನೀರು ಸಾಕು.

ಆರನೆಯದು, ಊಟದ ಹೊತ್ತು. ಇಡೀ ದಿನದ ಅಳತೆಯನ್ನು ಬೆಳಗ್ಗೆಯೇ ಒಂದು ಡಬ್ಬಿಯಲ್ಲಿ ತೂಗಿಡಿ. ಯಾರು ಕೊಟ್ಟರೂ ಅದರಿಂದಲೇ ಕೊಡಬೇಕು. ಅಜ್ಜಿಗೆ ಕೊಡುವ ಆಸೆಯಾದರೆ ಅದರಿಂದ ನಾಲ್ಕು ಕಾಳು, ಮಗುವಿಗೆ ಆಸೆಯಾದರೆ ಅದರಿಂದ ನಾಲ್ಕು ಕಾಳು. ಡಬ್ಬಿ ಬರಿದಾದ ಮೇಲೆ ಅಂಗಡಿ ಮುಚ್ಚಿತು. ಬೆಕ್ಕು ಮೂಲತಃ ಸಣ್ಣ ಸಣ್ಣ ಊಟದ ಪ್ರಾಣಿಯಾದುದರಿಂದ ನಾಲ್ಕೈದು ಬಾರಿ ಹಂಚಿ ಕೊಡುವುದು ಒಳ್ಳೆಯದು. ಕಡೆಯ ಪಾಲನ್ನು ಮಲಗುವ ಮುನ್ನ ಕೊಟ್ಟರೆ ಬೆಳಗಿನ ಜಾವ ಬಾಗಿಲು ಕೆರೆಯುವುದು ಕಡಿಮೆಯಾಗುತ್ತದೆ. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಬಡಿಸಬೇಕು. ಇಲ್ಲವಾದರೆ ದಪ್ಪನೆಯದು ತೆಳ್ಳನೆಯದರ ಪಾಲನ್ನೂ ಮುಗಿಸುತ್ತದೆ.

ಏಳನೆಯದು, ವ್ಯಾಯಾಮ. ಬೆಕ್ಕನ್ನು ನಾಯಿಯಂತೆ ಬೀದಿಯಲ್ಲಿ ನಡೆಸಲಾಗದು, ಅದಕ್ಕೆ ಬೇಟೆಯಾಡಿಸಬೇಕು. ದಾರದ ತುದಿಗೆ ಕಾಗದದ ಉಂಡೆ ಕಟ್ಟಿ ಎಳೆಯಿರಿ. ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಬಾರಿ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಲು ಮರೆಯಬೇಡಿ, ನುಂಗಿದರೆ ಕರುಳಿಗೆ ಅಪಾಯ. ಬಟ್ಟಲನ್ನು ಮಲಗುವ ಜಾಗದಿಂದ ದೂರವಿಡಿ. ಖಾಲಿ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಒಳಗೆ ಕಾಳು ಹಾಕಿದರೆ ಪಂಜದಿಂದ ಕೆದಕಿ ತೆಗೆದು ತಿನ್ನುತ್ತದೆ. ಕಳೆದುಹೋದ ಉದ್ಯೋಗ ಹೀಗೆ ಸ್ವಲ್ಪ ಮರಳಿ ಬರುತ್ತದೆ. ಬಾಯಿ ತೆರೆದು ಏದತೊಡಗಿದರೆ ಆಟವನ್ನು ನಿಲ್ಲಿಸಿ. ಬೇಸಗೆಯ ಮಧ್ಯಾಹ್ನ ಆಡಿಸಬೇಡಿ. ಕೀಲುನೋವಿನಿಂದ ಕುಂಟುವ ಬೆಕ್ಕಿಗೆ ಕನಿಕರದಿಂದ ಮನುಷ್ಯರ ಮಾತ್ರೆ ಕೊಡುವವರಿದ್ದಾರೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಪಥ್ಯ ನಡೆಯುತ್ತಿರುವಾಗ ಕಣ್ಣಿಡಬೇಕಾದ ಸಂಗತಿಗಳು ಕೆಲವುಂಟು. ಬೆಕ್ಕು ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ ಪಥ್ಯವನ್ನು ಮರೆತು ಅದಕ್ಕೆ ಇಷ್ಟವಾದುದನ್ನು ಮುಂದಿಡಿ. ಆಗಲೂ ತಿನ್ನದಿದ್ದರೆ ನಾಳೆ ನೋಡೋಣ ಎನ್ನದೆ ವೈದ್ಯರ ಬಳಿಗೆ ಒಯ್ಯಿರಿ. ವಾರಕ್ಕೆ ನೂರಕ್ಕೆ ಎರಡು ಭಾಗಕ್ಕಿಂತ ಹೆಚ್ಚಾಗಿ ಇಳಿದರೆ ಹಿಗ್ಗಬೇಡಿ, ಊಟ ಹೆಚ್ಚಿಸಿ. ಒಂದು ತಿಂಗಳು ಇಳಿದು ಮತ್ತೊಂದು ತಿಂಗಳು ನಿಂತರೆ ನಿರಾಶರಾಗಬೇಡಿ. ದೇಹ ಹೊಸ ಅಳತೆಗೆ ಒಗ್ಗುತ್ತಿರುತ್ತದೆ, ಪ್ರಮಾಣವನ್ನು ಸ್ವಲ್ಪ ತಿದ್ದಬೇಕು. ಗುರಿ ಮುಟ್ಟಿದ ಮೇಲೂ ಹಳೆಯ ಬಟ್ಟಲಿಗೆ ಮರಳಕೂಡದು. ತೂಕ ನಿಂತಲ್ಲೇ ನಿಲ್ಲುವಷ್ಟು ಮಾತ್ರ ಹೆಚ್ಚಿಸಿ, ತಿಂಗಳಿಗೊಮ್ಮೆ ತೂಗುತ್ತಿರಬೇಕು.

ಇಷ್ಟೆಲ್ಲ ಹೇಳಿದರೂ ಕಠಿನವಾದ ಭಾಗ ಬೆಕ್ಕಿನದಲ್ಲ, ಮನೆಯವರದು. ಬೆಕ್ಕು ಕಾಲಿಗೆ ಮೈ ಉಜ್ಜಿ ಕೂಗಿದಾಗ ಅದು ಹಸಿವೇ ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದಕ್ಕೆ ಬೇಕಾದುದು ಜೊತೆ ಮಾತ್ರ. ಕೂಗಿದಾಗಲೆಲ್ಲ ಊಟ ಹಾಕಿ, ಜೊತೆಯನ್ನು ಕೇಳುವುದಕ್ಕೂ ಊಟವನ್ನು ಕೇಳುವುದಕ್ಕೂ ಒಂದೇ ಕೂಗು ಎಂದು ಕಲಿಸಿದವರು ನಾವೇ. ಇನ್ನು ಮೇಲೆ ಅದು ಕೂಗಿದಾಗ ಮೊದಲು ಗಡಿಯಾರ ನೋಡಿ. ಊಟದ ಹೊತ್ತಾಗಿಲ್ಲವಾದರೆ ಕುಳಿತು ತಲೆ ನೇವರಿಸಿ, ಇಲ್ಲವೆ ದಾರ ಎಳೆದು ಆಡಿಸಿ. ಮುದಿಯಾದವರಿಗೆ, ಒಂಟಿಯಾಗಿರುವವರಿಗೆ ಬೆಕ್ಕಿನ ಬಟ್ಟಲು ತುಂಬುವುದೇ ದಿನದ ಒಂದು ಸಂತೋಷವಾಗಿರುತ್ತದೆ. ಅವರಿಗೆ ಬೇಡವೆಂದು ಗದರಬೇಡಿ. ಬಾಚಣಿಗೆ ಕೊಟ್ಟು ಬೆನ್ನಿನ ಗಂಟು ಬಿಡಿಸಲು ಹೇಳಿ; ಬೆಕ್ಕು ತಾನೇ ಮಾಡಿಕೊಳ್ಳಲಾಗದ ಕೆಲಸ ಅದು. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಅದು ಬಿಸಿಲಲ್ಲಿ ಕುಳಿತು, ಕತ್ತು ಹೊರಳಿಸಿ, ಬಾಲದ ಬುಡದ ತನಕ ತಾನೇ ನೆಕ್ಕಿಕೊಳ್ಳುವುದನ್ನು ಕಂಡರೆ ನಿಮ್ಮ ಪಥ್ಯ ಸರಿಯಾದ ದಾರಿಯಲ್ಲ‍ಿದೆ ಎಂದು ತಿಳಿಯಬಹುದು. ತಕ್ಕಡಿಯ ಅಂಕಿಯನ್ನೂ ಅದೇ ದಿನ ಪುಸ್ತಕದಲ್ಲಿ ಬರೆದಿಡಿ.